ತಡರಾತ್ರಿಯ ಸಂಗೀತ, ಪಕ್ಕದ ಮನೆಯ ನಿದ್ದೆ: ರೆಸ್ಟೋರೆಂಟ್ ನಡೆಸುವವರಿಗೆ ಸಮಗ್ರ ಮಾರ್ಗದರ್ಶಿ

ರಾತ್ರಿ ಸಂಗೀತ ಇಟ್ಟುಕೊಂಡಿರುವ ರೆಸ್ಟೋರೆಂಟಿಗೂ ಸುತ್ತಲಿನ ಮನೆಗಳಿಗೂ ಜಗಳ ಬೆಳೆಯುವುದು ಹೆಚ್ಚಾಗಿ ಒಂದೇ ಮಾತಿನಿಂದ: ‘ನಮ್ಮ ಹಾಲ್‌ನಲ್ಲಿ ಅಷ್ಟೇನೂ ಸದ್ದಿಲ್ಲವಲ್ಲ.’ ಹೇಳುವವರ ಮಟ್ಟಿಗೆ ಅದು ನಿಜವೇ ಇರಬಹುದು. ಆದರೆ ಸದ್ದನ್ನು ಅಳೆಯಬೇಕಾದ ಜಾಗ ಪಕ್ಕದ ಮನೆಯ ಮಲಗುವ ಕೋಣೆ. ಅಲ್ಲಿ ಏನು ಕೇಳಿಸುತ್ತದೆ, ಎಷ್ಟು ಹೊತ್ತಿಗೆ ಕೇಳಿಸುತ್ತದೆ, ಯಾವ ದಾರಿಯಿಂದ ಬರುತ್ತದೆ ಎಂಬ ಮೂರು ಪ್ರಶ್ನೆಗೆ ಉತ್ತರ ಸಿಕ್ಕರೆ ಅರ್ಧ ಕೆಲಸ ಮುಗಿದಂತೆ. ಉಳಿದರ್ಧ ತಂತ್ರಜ್ಞಾನ, ಶಿಸ್ತು ಮತ್ತು ಮಾತುಕತೆ.

ಇಲ್ಲಿರುವ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಅಳತೆ ಮಾಡದೆ ಗೋಡೆಗೆ ದುಡ್ಡು ಸುರಿಯುವುದು ಈ ವಿಷಯದಲ್ಲಿ ಎಲ್ಲರೂ ಮಾಡುವ ಮೊದಲ ತಪ್ಪು. ನಿಮ್ಮ ಊರಿನ ಶಬ್ದಮಿತಿ, ಸಮಯದ ಮಿತಿ, ಪರವಾನಗಿಯ ಷರತ್ತು ಇವುಗಳನ್ನು ಮೊದಲೇ ಓದಿಟ್ಟುಕೊಳ್ಳಿ. ಅವು ಕನಿಷ್ಠ ಅಗತ್ಯ ಮಾತ್ರ. ಮಿತಿಯೊಳಗೇ ಇದ್ದರೂ ಒಂದು ಮನೆಯವರ ನಿದ್ದೆ ಪೂರ್ತಿ ಕೆಡುವುದುಂಟು. ಹೇಗೆಂದು ಮುಂದೆ ನೋಡೋಣ.

ಹಂತ 1: ಸದ್ದುಗಳ ಪಟ್ಟಿ ಮಾಡಿ

ಸಂಗೀತ ಇರುವ ಒಂದು ರಾತ್ರಿ, ಸಂಗೀತ ಇಲ್ಲದ ಒಂದು ರಾತ್ರಿ, ಹೀಗೆ ಎರಡು ಸಲ ಕಟ್ಟಡದ ಸುತ್ತ ನಡೆಯಿರಿ. ರಾತ್ರಿ ಹತ್ತಕ್ಕೆ ಒಮ್ಮೆ, ಹನ್ನೊಂದೂವರೆಗೆ ಒಮ್ಮೆ, ಮುಚ್ಚಿದ ಅರ್ಧ ಗಂಟೆಯ ನಂತರ ಇನ್ನೊಮ್ಮೆ. ಕೈಯಲ್ಲಿ ಕಾಗದ, ಪೆನ್ನು ಇದ್ದರೆ ಸಾಕು. ಪ್ರತಿ ಮನೆಯ ಕಿಟಕಿಯ ಕೆಳಗೆ ಎರಡು ನಿಮಿಷ ಸುಮ್ಮನೆ ನಿಂತು, ಕಿವಿಗೆ ಬಿದ್ದದ್ದನ್ನೆಲ್ಲ ಬರೆದುಕೊಳ್ಳಿ.

ಪಟ್ಟಿ ನೋಡಿದರೆ ನಿಮಗೇ ಆಶ್ಚರ್ಯವಾಗುತ್ತದೆ. ಹಾಡು ಅದರಲ್ಲಿ ಒಂದು ಸಾಲು ಮಾತ್ರ. ಬಾಗಿಲ ಹೊರಗೆ ಸಿಗರೇಟು ಸೇದುವವರ ಮಾತು, ಖಾಲಿ ಬಾಟಲಿ ಡ್ರಮ್ಮಿಗೆ ಸುರಿಯುವ ಸದ್ದು, ಅಡುಗೆಮನೆಯ ಎಕ್ಸಾಸ್ಟ್ ಫ್ಯಾನು, ಕುರ್ಚಿ ಎಳೆಯುವ ಕಿರ್ರನೆಯ ಸದ್ದು, ಹಾರ್ನ್, ಕಾರಿನ ಬಾಗಿಲು, ಮುಚ್ಚಿದ ಮೇಲೆ ಸಿಬ್ಬಂದಿಯ ಹರಟೆ, ಬೆಳಗಿನ ಜಾವ ಬರುವ ಸಾಮಾನಿನ ಗಾಡಿ ಎಲ್ಲವೂ ಇರುತ್ತವೆ. ಪ್ರತಿಯೊಂದರ ಎದುರು ಸಮಯ, ಎಷ್ಟು ಸಲ, ಯಾವ ಮನೆಯ ಕಡೆ ಎಂದು ಬರೆಯಿರಿ. ಹಾಡಿನ ವಾಲ್ಯೂಮ್ ಎಷ್ಟು ಇಳಿಸಿದರೂ ದೂರು ನಿಲ್ಲುತ್ತಿಲ್ಲ ಎನ್ನುವವರು ಈ ಪಟ್ಟಿ ಮಾಡಿಲ್ಲ ಎಂದೇ ಅರ್ಥ.

ಹಂತ 2: ಸರಿಯಾಗಿ ಅಳೆಯಿರಿ

ಫೋನಿನ ಆ್ಯಪ್ ‘ನಿನ್ನೆಗಿಂತ ಇವತ್ತು ಹೆಚ್ಚೋ ಕಡಿಮೆಯೋ’ ಎಂದು ಹೋಲಿಸಲು ಆಗುತ್ತದೆ, ವಾದ ಮಾಡಲು ಆಗುವುದಿಲ್ಲ. ಫೋನಿನ ಮೈಕು ಮಾತಿಗೆಂದು ಮಾಡಿದ್ದು, ತಗ್ಗು ಸ್ವರಗಳನ್ನು ಅದು ಸರಿಯಾಗಿ ಹಿಡಿಯುವುದಿಲ್ಲ. ಕ್ಲಾಸ್ 1 ಅಥವಾ ಕ್ಲಾಸ್ 2 ದರ್ಜೆಯ ಸೌಂಡ್ ಲೆವೆಲ್ ಮೀಟರನ್ನು ಬಾಡಿಗೆಗೆ ತನ್ನಿ ಅಥವಾ ಶಬ್ದತಜ್ಞರನ್ನು ಕರೆಸಿ. ಅಳೆಯುವ ಮೊದಲೂ ಆಮೇಲೂ ಕ್ಯಾಲಿಬ್ರೇಟರ್ ಇಟ್ಟು ನೋಡಬೇಕು. ಸಾಮಾನ್ಯ ಕ್ಯಾಲಿಬ್ರೇಟರ್ 1000 ಹರ್ಟ್ಸ್‌ನಲ್ಲಿ (ಹರ್ಟ್ಸ್ ಎಂದರೆ ಸೆಕೆಂಡಿಗೆ ಎಷ್ಟು ಕಂಪನ ಎಂಬ ಅಳತೆ, ಅಂಕಿ ಕಡಿಮೆಯಾದಷ್ಟು ಸ್ವರ ತಗ್ಗು) 94 ಡೆಸಿಬಲ್ ಸದ್ದು ಕೊಡುತ್ತದೆ, ಮೀಟರ್ ಅದನ್ನೇ ತೋರಿಸಬೇಕು.

ಹೊರಗೆ ಅಳೆಯುವಾಗ ಮೈಕು ನೆಲದಿಂದ 1.2ರಿಂದ 1.5 ಮೀಟರ್ ಎತ್ತರದಲ್ಲಿ, ಯಾವುದೇ ಗೋಡೆಯಿಂದ ಮೂರೂವರೆ ಮೀಟರ್ ದೂರದಲ್ಲಿ ಇರಲಿ. ಗೋಡೆಗೆ ಹತ್ತಿರ ಇಟ್ಟರೆ ಪ್ರತಿಫಲನ ಸೇರಿ ಸುಮಾರು 3 ಡೆಸಿಬಲ್ ಹೆಚ್ಚು ಬರುತ್ತದೆ. ಗಾಳಿ ಸೆಕೆಂಡಿಗೆ 5 ಮೀಟರ್‌ಗಿಂತ ಜೋರಾಗಿದ್ದರೆ ಆ ದಿನ ಬಿಟ್ಟುಬಿಡಿ. ಮೊದಲು ಸಂಗೀತ ನಿಲ್ಲಿಸಿ 15 ನಿಮಿಷ ಹಿನ್ನೆಲೆಯ ಸದ್ದು ಅಳೆಯಿರಿ, ಆಮೇಲೆ ಸಂಗೀತ ಇದ್ದಾಗ 15 ನಿಮಿಷ. ಎರಡರ ನಡುವೆ 10 ಡೆಸಿಬಲ್ ಅಥವಾ ಅದಕ್ಕಿಂತ ಹೆಚ್ಚು ಅಂತರ ಇದ್ದರೆ ಹಿನ್ನೆಲೆಯನ್ನು ಲೆಕ್ಕದಿಂದ ಬಿಡಬಹುದು. ಒಟ್ಟು 50, ಹಿನ್ನೆಲೆ 47 ಬಂದರೆ ಸಂಗೀತದ ಪಾಲು 47. ಅಂತರ 3ಕ್ಕಿಂತ ಕಡಿಮೆ ಇದ್ದರೆ ಆ ಅಳತೆಯಿಂದ ಸಂಗೀತವನ್ನು ಬೇರ್ಪಡಿಸಲು ಬರುವುದಿಲ್ಲ, ಇನ್ನೂ ನಿಶ್ಶಬ್ದವಾದ ಹೊತ್ತಿಗೆ ಮತ್ತೆ ಅಳೆಯಿರಿ.

ಗುರಿ ಎಷ್ಟಿರಬೇಕು? ವಿಶ್ವ ಆರೋಗ್ಯ ಸಂಸ್ಥೆಯ 1999ರ ಮಾರ್ಗಸೂಚಿ ಮಲಗುವ ಕೋಣೆಯೊಳಗೆ ರಾತ್ರಿಯ ಸರಾಸರಿ 30 ಡಿಬಿ-ಎ (ಕಿವಿ ಕೇಳುವ ರೀತಿಗೆ ಹೊಂದಿಸಿದ ಡೆಸಿಬಲ್, ಇದನ್ನೇ ಎ ತೂಕ ಎನ್ನುತ್ತಾರೆ), ಬಿಡಿ ಸದ್ದುಗಳ ಗರಿಷ್ಠ 45 ಡಿಬಿ-ಎ ಎನ್ನುತ್ತದೆ. ಕಿಟಕಿ ತೆರೆದು ಮಲಗುವ ಮನೆಯ ಹೊರಗೋಡೆಯ ಬಳಿ 45. ಯುರೋಪಿಗೆಂದು 2009ರಲ್ಲಿ ಅದೇ ಸಂಸ್ಥೆ ಹೊರಗಿನ ರಾತ್ರಿ ಸರಾಸರಿಗೆ 40 ಡೆಸಿಬಲ್‌ನ ಗುರಿ ಇಟ್ಟಿತು. ಹಗಲಿನಲ್ಲಿ ವಾಹನಗಳ ಗದ್ದಲದಲ್ಲಿ ಮುಚ್ಚಿಹೋಗುವ ಹಾಡು, ರಾತ್ರಿ ರಸ್ತೆ ಖಾಲಿಯಾದ ಮೇಲೆ ಅಷ್ಟೇ ವಾಲ್ಯೂಮಿನಲ್ಲಿ ಎದ್ದು ಕೇಳಿಸುತ್ತದೆ. ಜೊತೆಗೆ ರಾತ್ರಿ ನೆಲದ ಬಳಿಯ ಗಾಳಿ ತಣ್ಣಗಾಗಿ ಮೇಲಿನ ಗಾಳಿ ಬೆಚ್ಚಗಿದ್ದರೆ ಸದ್ದು ಮೇಲಕ್ಕೆ ಹೋಗದೆ ಕೆಳಕ್ಕೆ ಬಾಗಿ ದೂರದವರೆಗೂ ತಲುಪುತ್ತದೆ. ಎರಡು ಬೀದಿ ಆಚೆಯವರು ದೂರು ಕೊಟ್ಟರೆ ಅಷ್ಟು ದೂರ ಕೇಳಿಸೀತೇ ಎಂದು ತಳ್ಳಿಹಾಕಬೇಡಿ.

ಹಂತ 3: ಬೇಸ್ ಎಂಬ ಮುಖ್ಯ ಸಮಸ್ಯೆ

ರಾತ್ರಿ ಹನ್ನೊಂದೂವರೆ. ಕಿಟಕಿ ಮುಚ್ಚಿದೆ, ದೀಪ ಆರಿದೆ. ಹಾಡಿನ ಪದವಾಗಲಿ ರಾಗವಾಗಲಿ ಕೇಳುತ್ತಿಲ್ಲ. ಆದರೆ ಸೆಕೆಂಡಿಗೆ ಎರಡು ಸಲ ‘ಧುಮ್, ಧುಮ್’ ಎಂದು ಏನೋ ಎದೆಗೆ ತಟ್ಟುತ್ತದೆ. ಕಿಟಕಿಯ ಚೌಕಟ್ಟಿನಲ್ಲಿ ಸಡಿಲವಾದ ಗಾಜು ಅದೇ ತಾಳಕ್ಕೆ ಜುಂಯ್ ಎನ್ನುತ್ತದೆ. ದಿಂಬಿನಲ್ಲಿ ಕಿವಿ ಮುಚ್ಚಿದರೂ ಅದು ಬರುತ್ತದೆ, ಏಕೆಂದರೆ ಅದು ಗೋಡೆ, ನೆಲ, ಮಂಚದ ಕಾಲಿನ ಮೂಲಕವೂ ಬರುತ್ತಿದೆ. ದೂರು ಕೊಡುವವರಲ್ಲಿ ಬಹುಪಾಲು ಜನ ಹೇಳುವುದು ಇದನ್ನೇ. ಹಾಡಿನ ಈ ತಗ್ಗು ಸ್ವರವೇ ಬೇಸ್.

ಇದು ಮೀಟರಿನಲ್ಲಿ ಕಾಣದೆ ಹೋಗುವುದಕ್ಕೆ ಕಾರಣವಿದೆ. ಎ ತೂಕದ ಅಳತೆ 63 ಹರ್ಟ್ಸ್‌ನಲ್ಲಿ 26 ಡೆಸಿಬಲ್‌ನಷ್ಟನ್ನೂ 125 ಹರ್ಟ್ಸ್‌ನಲ್ಲಿ 16 ಡೆಸಿಬಲ್‌ನಷ್ಟನ್ನೂ ಕಳೆದುಬಿಡುತ್ತದೆ. ಕೋಣೆಯಲ್ಲಿ 63 ಹರ್ಟ್ಸ್‌ನ ಸದ್ದು 60 ಡೆಸಿಬಲ್ ಇದ್ದರೆ ಮೀಟರ್ ತೋರಿಸುವುದು 34 ಡಿಬಿ-ಎ. ಆ ಅಂಕಿ ನೋಡಿ ‘ಏನೂ ಇಲ್ಲ’ ಎನ್ನುತ್ತೀರಿ. ಆದರೆ 63 ಹರ್ಟ್ಸ್ ಕಿವಿಗೆ ಬೀಳಲು ಸುಮಾರು 37 ಡೆಸಿಬಲ್ ಸಾಕು, ಅಲ್ಲಿರುವುದು ಅದಕ್ಕಿಂತ 23 ಹೆಚ್ಚು. ಆದ್ದರಿಂದ ಪ್ರತಿ ಸಲವೂ ಎ ಮತ್ತು ಸಿ ಎರಡೂ ತೂಕದಲ್ಲಿ ಅಳೆಯಿರಿ. ಸಿ ತೂಕ ತಗ್ಗು ಸ್ವರಗಳನ್ನು ಬಹುಮಟ್ಟಿಗೆ ಕಳೆಯದೆ ಹಾಗೇ ಬಿಡುತ್ತದೆ. ಸಿ ಅಂಕಿ ಎ ಅಂಕಿಗಿಂತ 15–20 ಡೆಸಿಬಲ್ ಹೆಚ್ಚಿದ್ದರೆ ನಿಮ್ಮ ಸಮಸ್ಯೆ ಬೇಸ್. ಆಕ್ಟೇವ್ ಪಟ್ಟಿಗಳಲ್ಲಿ (ಸದ್ದನ್ನು ಸ್ವರದ ಎತ್ತರದಂತೆ ಭಾಗಮಾಡಿ ತೋರಿಸುವ ಅಳತೆಯಲ್ಲಿ) 63 ಮತ್ತು 125 ಹರ್ಟ್ಸ್ ಅನ್ನು ಪ್ರತ್ಯೇಕವಾಗಿ ನೋಡಿದರೆ ಇನ್ನೂ ಒಳ್ಳೆಯದು.

ಒಂದು ಮನೆಯವರು ಗೋಳಾಡುತ್ತಾರೆ, ಪಕ್ಕದ ಮನೆಯವರಿಗೆ ಏನೂ ಕೇಳಿಸುವುದಿಲ್ಲ ಎಂದರೆ ಮೊದಲಿನವರು ಸುಳ್ಳು ಹೇಳುತ್ತಿದ್ದಾರೆಂದು ಅರ್ಥವಲ್ಲ. 4 ಮೀಟರ್ ಉದ್ದದ ಕೋಣೆ ಸುಮಾರು 43 ಹರ್ಟ್ಸ್‌ನಲ್ಲಿ ತಾನೇ ಅನುರಣಿಸುತ್ತದೆ, 3 ಮೀಟರಿನದು 57ರ ಸುತ್ತ. ನಿಮ್ಮ ಹಾಡಿನ ಬೇಸ್ ಯಾವ ಕೋಣೆಯ ಅಳತೆಗೆ ಹೊಂದುತ್ತದೋ ಆ ಕೋಣೆ ಗುಂಯ್‌ಗುಡುತ್ತದೆ. ಅದೇ ಕೋಣೆಯಲ್ಲೂ ನಡುವೆ ಕಡಿಮೆ, ಗೋಡೆಗೆ ಒತ್ತಿದ ಮಂಚದ ತಲೆಯ ಕಡೆ ಹೆಚ್ಚು. ಹಾಗಾಗಿ ಕೋಣೆಯ ಮಧ್ಯದಲ್ಲಿ ನಿಂತು ಅಳೆದು ಬರಬೇಡಿ, ದಿಂಬಿನ ಜಾಗದಲ್ಲಿ ಅಳೆಯಿರಿ.

ಇನ್ನು ಪರಿಹಾರ, ಕಡಿಮೆ ಖರ್ಚಿನಿಂದ ಹೆಚ್ಚಿನ ಖರ್ಚಿನ ಕಡೆಗೆ:

ಸಬ್‌ವೂಫರ್ (ಬೇಸ್ ನುಡಿಸುವ ಸ್ಪೀಕರ್) ಅನ್ನು ಮೂಲೆಯಿಂದ ಈಚೆಗೆ ಎಳೆಯಿರಿ. ನೆಲ, ಎರಡು ಗೋಡೆ ಸೇರುವ ಜಾಗ ಬೇಸನ್ನು ತಾನೇ ಹಿಗ್ಗಿಸುತ್ತದೆ. ನೆರೆಮನೆಗೆ ಹೊಂದಿಕೊಂಡ ಗೋಡೆಯಾದರೆ ಅಲ್ಲಿ ಯಾವ ಸ್ಪೀಕರನ್ನೂ ಬೋಲ್ಟ್ ಮಾಡಬೇಡಿ.

ಹೈ-ಪಾಸ್ ಫಿಲ್ಟರ್ ಹಾಕಿ 50–60 ಹರ್ಟ್ಸ್‌ಗಿಂತ ಕೆಳಗಿನದನ್ನು ಕತ್ತರಿಸಿ. ಊಟದ ಜೊತೆ ಹಾಡು ಕೇಳುವವರಿಗೆ ವ್ಯತ್ಯಾಸ ಗೊತ್ತಾಗುವುದೇ ಕಷ್ಟ. ಹೊರಗೆ ಮಾತ್ರ ಬಹಳ ಗೊತ್ತಾಗುತ್ತದೆ.

ಎರಡು ದೊಡ್ಡ ಸ್ಪೀಕರಿನ ಬದಲು, ಎರಡು ಮೂರು ಮೇಜಿಗೊಂದರಂತೆ ಹತ್ತಾರು ಚಿಕ್ಕ ಸ್ಪೀಕರ್ ಹಂಚಿ. ಕೊನೆಯ ಮೇಜಿಗೆ ಕೇಳಿಸಲೆಂದು ಮೊದಲ ಮೇಜಿನ ಕಿವಿ ಒಡೆಯುವ ಅಗತ್ಯ ಆಗ ಇರುವುದಿಲ್ಲ, ಒಟ್ಟು ಸದ್ದೂ ಇಳಿಯುತ್ತದೆ.

ಸಬ್‌ವೂಫರ್ ಕೆಳಗೆ ಸ್ಪ್ರಿಂಗ್ ಅಥವಾ ನಿಯೋಪ್ರೀನ್ ಪಾದ ಕೊಡಿ. ಇಲ್ಲಿ ಆಗುವ ತಪ್ಪು ಎಂದರೆ ಗಟ್ಟಿ ರಬ್ಬರ್ ಚಾಪೆ ಹಾಸಿ ಕೆಲಸ ಆಯಿತೆಂದುಕೊಳ್ಳುವುದು. ಭಾರ ಕೂತಾಗ ಪಾದ ಕನಿಷ್ಠ 2–3 ಮಿಲಿಮೀಟರ್ ಕುಗ್ಗಬೇಕು. ಕುಗ್ಗದ ರಬ್ಬರ್ ಕಂಪನವನ್ನು ತಡೆಯುವುದಿಲ್ಲ, ನೇರ ನೆಲಕ್ಕೆ ದಾಟಿಸುತ್ತದೆ.

ತೆರೆದ ತಾರಸಿಯಾದರೆ ಮೂರು ಸಬ್‌ವೂಫರ್‌ಗಳಲ್ಲಿ ಒಂದನ್ನು ಹಿಂದಕ್ಕೆ ತಿರುಗಿಸಿ, ಅದರ ಪೊಲಾರಿಟಿ ಉಲ್ಟಾ ಮಾಡಿ (ಅಂದರೆ ಸಿಗ್ನಲ್‌ನ ಧನ-ಋಣ ಅದಲುಬದಲು ಮಾಡಿ), ಸರಿಯಾದ ಡಿಲೇ, ಅಂದರೆ ಸದ್ದು ತುಸು ತಡವಾಗಿ ಹೊರಡುವ ಹೊಂದಾಣಿಕೆ, ಕೊಟ್ಟರೆ ಹಿಂಬದಿಗೆ ಹೋಗುವ ಬೇಸ್ 10 ಡೆಸಿಬಲ್ ಅಥವಾ ಅದಕ್ಕೂ ಹೆಚ್ಚು ಇಳಿಯುತ್ತದೆ. ಇದಕ್ಕೆ ಕಾರ್ಡಿಯಾಯ್ಡ್ ಜೋಡಣೆ ಎನ್ನುತ್ತಾರೆ. ಹಿಂಬದಿ ಎಂದರೆ ಮನೆಗಳ ಕಡೆ ಇರಬೇಕು. ಮುಚ್ಚಿದ ಹಾಲ್‌ನಲ್ಲಿ ಗೋಡೆಗಳ ಪ್ರತಿಫಲನದಿಂದ ಇದರ ಫಲ ಕಡಿಮೆ.

ಕೊನೆಯದು ಗೋಡೆ. ಗೋಡೆಯ ತೂಕ ದುಪ್ಪಟ್ಟು ಮಾಡಿದರೆ ಸಿಗುವುದು ಸುಮಾರು 6 ಡೆಸಿಬಲ್ ಮಾತ್ರ. ಆದ್ದರಿಂದ ಅಂತರ ಬಿಟ್ಟು ಎರಡನೇ ಪದರ ಕಟ್ಟುವುದೇ ದಾರಿ, ಆದರೆ ಅಂತರ ಚಿಕ್ಕದಾದರೆ ಕೆಡುತ್ತದೆ. ಗೋಡೆಯಿಂದ 5 ಸೆಂಟಿಮೀಟರ್ ಬಿಟ್ಟು ಒಂದೇ ಜಿಪ್ಸಂ ಹಲಗೆ ಹೊಡೆದರೆ ಹಲಗೆ ಮತ್ತು ನಡುವಿನ ಗಾಳಿ ಸೇರಿ ಸುಮಾರು 90 ಹರ್ಟ್ಸ್‌ನಲ್ಲಿ ಅನುರಣಿಸುತ್ತವೆ. ಅಂದರೆ ತಡೆಯಬೇಕಾದ ಬೇಸನ್ನೇ ಅದು ಸಲೀಸಾಗಿ ದಾಟಿಸುತ್ತದೆ. ಎರಡು ಪದರ ಹಲಗೆ, 15 ಸೆಂಟಿಮೀಟರ್ ಅಂತರ, ನಡುವೆ ಕಲ್ಲಿನ ನಾರಿನ ಹೊದಿಕೆಯಾದ ರಾಕ್‌ವೂಲ್ ಇದ್ದರೆ ಆ ಅನುರಣನ 35 ಹರ್ಟ್ಸ್ ಆಸುಪಾಸಿಗೆ ಇಳಿದು ಗೋಡೆ ನಿಜಕ್ಕೂ ಕೆಲಸ ಮಾಡುತ್ತದೆ. ಹೊಸ ಪದರವನ್ನು ಹಳೇ ಗೋಡೆಗೆ ತಾಗದ ಪ್ರತ್ಯೇಕ ಚೌಕಟ್ಟಿನ ಮೇಲೆ ನಿಲ್ಲಿಸಬೇಕು. ಮೊಟ್ಟೆ ಟ್ರೇ, ಫೋಮ್ ಹಲಗೆ ಅಂಟಿಸುವುದರಿಂದ ಒಳಗಿನ ಪ್ರತಿಧ್ವನಿ ಸ್ವಲ್ಪ ಕಡಿಮೆಯಾದೀತು, ಬೇಸ್ ಹೊರಗೆ ಹೋಗುವುದು ನಿಲ್ಲುವುದಿಲ್ಲ.

ಹಂತ 4: ಲಿಮಿಟರ್ ಅನ್ನು ಮಲಗುವ ಕೋಣೆಯಿಂದ ಹೊಂದಿಸಿ

ಲಿಮಿಟರ್ ಎಂದರೆ ಆಂಪ್ಲಿಫೈಯರಿಗೆ ಹೋಗುವ ಸಿಗ್ನಲನ್ನು ಒಂದು ಮಟ್ಟದಲ್ಲಿ ತಡೆಹಿಡಿಯುವ ಉಪಕರಣ. ಡಿಜೆ ಎಷ್ಟೇ ತಿರುಗಿಸಿದರೂ ಆಚೆ ಹೋಗುವುದಿಲ್ಲ. ತಗ್ಗು ಸ್ವರಗಳಿಗೆ ಬೇರೆ ಮಿತಿ ಇಡಲು ಬರುವ ಮಾದರಿಯನ್ನೇ ಕೊಳ್ಳಿ. ಒಟ್ಟು ಸದ್ದಿಗೆ ಮಾತ್ರ ಮಿತಿ ಇದ್ದರೆ ಡಿಜೆ ಮೇಲಿನ ಸ್ವರ ಇಳಿಸಿ ಬೇಸ್ ಏರಿಸಿಕೊಳ್ಳುತ್ತಾರೆ, ನಿಮ್ಮ ಸಮಸ್ಯೆ ಇನ್ನೂ ಹೆಚ್ಚುತ್ತದೆ.

ಹೊಂದಿಸುವ ಕ್ರಮ ಹೀಗೆ. ವಾರದ ನಡುವಿನ ಒಂದು ರಾತ್ರಿ, ಹನ್ನೊಂದು ಗಂಟೆಯ ನಂತರ, ಅತಿ ಹತ್ತಿರದ ಅಥವಾ ಅತಿ ಹೆಚ್ಚು ದೂರು ಕೊಡುವ ಮನೆಯವರ ಒಪ್ಪಿಗೆ ಪಡೆದು ಒಬ್ಬರು ಅವರ ಮಲಗುವ ಕೋಣೆಯಲ್ಲಿ ಫೋನು ಹಿಡಿದು ಕೂರಲಿ, ಇನ್ನೊಬ್ಬರು ಸದ್ದಿನ ಮಟ್ಟ ಹೊಂದಿಸುವ ಸೌಂಡ್ ಮಿಕ್ಸರ್ ಬಳಿ. ಕಿಟಕಿ ಅವರು ದಿನವೂ ಹೇಗಿಟ್ಟು ಮಲಗುತ್ತಾರೋ ಹಾಗೇ ಇರಲಿ. ನಿಮ್ಮಲ್ಲಿ ಹಾಕುವ ಹಾಡುಗಳಲ್ಲಿ ಅತಿ ಭಾರದ ಬೇಸ್ ಇರುವುದನ್ನು ಮತ್ತೆ ಮತ್ತೆ ಬರುವಂತೆ ಹಾಕಿ ಬಿಡಿ. ಕೋಣೆಯಲ್ಲಿರುವವರು ‘ಕೇಳುತ್ತಿದೆ’ ಎನ್ನುತ್ತಿರುವಷ್ಟು ಹೊತ್ತೂ ಮೊದಲು ಸಬ್‌ವೂಫರ್ ಮಟ್ಟವನ್ನು ಒಂದೊಂದೇ ಡೆಸಿಬಲ್ ಇಳಿಸುತ್ತ ಹೋಗಿ. ‘ಇಲ್ಲ’ ಎಂದಾಗ ನಿಲ್ಲಿಸಿ, ಇನ್ನೂ 2 ಡೆಸಿಬಲ್ ಇಳಿಸಿ. ಆಮೇಲೆ ಉಳಿದ ಸ್ವರಗಳಿಗೂ ಹೀಗೇ ಮಾಡಿ. ಈಗ ಹಾಲ್‌ನಲ್ಲಿ ಒಂದು ಗುರುತಿನ ಜಾಗದಲ್ಲಿ ಎ ಮತ್ತು ಸಿ ಅಂಕಿ ಬರೆದುಕೊಂಡು ಲಿಮಿಟರ್ ಅಲ್ಲಿಗೆ ಕಟ್ಟಿ, ಪೆಟ್ಟಿಗೆಗೆ ಬೀಗ ಹಾಕಿ. ಕೀಲಿ ಮ್ಯಾನೇಜರ್ ಬಳಿ ಇರಲಿ, ಡಿಜೆ ಬಳಿ ಬೇಡ. ಹಾಲ್‌ನ ಎಲ್ಲ ಸ್ಪೀಕರ್‌ಗಳೂ ಇದರ ಮೂಲಕವೇ ಹಾದು ಹೋಗಬೇಕು. ಹೊರಗಿನ ತಂಡ ತನ್ನದೇ ಆಂಪ್ಲಿಫೈಯರ್ ತಂದು ಬೇರೆ ಪ್ಲಗ್ಗಿಗೆ ಹಾಕಿಕೊಂಡರೆ ಇಡೀ ಶ್ರಮ ವ್ಯರ್ಥ.

ಮಲಗುವ ಕೋಣೆಯ ಪರೀಕ್ಷೆಗೆ ಇನ್ನೊಂದು ಲಾಭವಿದೆ. ಆ ಮನೆಯವರು ತಮ್ಮ ಕಣ್ಣೆದುರೇ ಮಟ್ಟ ನಿಗದಿಯಾದದ್ದನ್ನು ನೋಡಿರುತ್ತಾರೆ. ಮುಂದೆ ಸದ್ದು ಕೇಳಿಸಿದರೆ ‘ಏನೋ ಕೆಟ್ಟಿದೆ, ನೋಡಿ’ ಎಂದು ಫೋನ್ ಮಾಡುತ್ತಾರೆ, ‘ಬೇಕೆಂದೇ ಮಾಡುತ್ತಿದ್ದೀರಿ’ ಎನ್ನುವುದಿಲ್ಲ.

ಒಳಗಿನ ಸಿಬ್ಬಂದಿಯ ಕಿವಿಯೂ ಲೆಕ್ಕಕ್ಕೆ ಬರಲಿ. ದಿನಕ್ಕೆ 8 ಗಂಟೆಗೆ 85 ಡಿಬಿ-ಎ ಎಂಬುದು ಅಮೆರಿಕದಲ್ಲಿ ಕೆಲಸದ ಸ್ಥಳದ ಸುರಕ್ಷತೆ, ಆರೋಗ್ಯ ನೋಡುವ ನಯೋಶ್ ಸಂಸ್ಥೆಯ ಶಿಫಾರಸು, ಪ್ರತಿ 3 ಡೆಸಿಬಲ್‌ಗೆ ಸಮಯ ಅರ್ಧವಾಗುತ್ತದೆ. 94ರಲ್ಲಿ ಒಂದು ಗಂಟೆ, 100ರಲ್ಲಿ ಕಾಲು ಗಂಟೆ. ಮನರಂಜನಾ ಸ್ಥಳಗಳಿಗೆ ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಕೊಟ್ಟ ಮಾನದಂಡದ ಗರಿಷ್ಠ, 15 ನಿಮಿಷದ ಸರಾಸರಿ 100.

ಹಂತ 5: ಬಾಗಿಲು, ಸಂದು, ಸೆಕೆ

ಒಂದು ಮೀಟರ್ ಅಗಲ, ಎರಡು ಮೀಟರ್‌ಗಿಂತ ತುಸು ಎತ್ತರದ ಬಾಗಿಲು 40 ಡೆಸಿಬಲ್ ತಡೆಯುವಂಥದ್ದು ಎಂದುಕೊಳ್ಳಿ. ಅದರ ಕೆಳಗೆ ಒಂದು ಸೆಂಟಿಮೀಟರ್ ಸಂದು ಬಿಟ್ಟರೆ ಅದು ತಡೆಯುವುದು ಸುಮಾರು 23 ಮಾತ್ರ. ದುಬಾರಿ ಬಾಗಿಲು ಕೊಂಡು ಹೊಸ್ತಿಲು ಕೂರಿಸದಿದ್ದರೆ ದುಡ್ಡು ದಂಡ. ಬಾಗಿಲಿನ ಸುತ್ತ ರಬ್ಬರ್ ಪಟ್ಟಿ, ಅಡಿಯಲ್ಲಿ ಮುಚ್ಚಿದಾಗ ತಾನೇ ಇಳಿಯುವ ಪಟ್ಟಿ, ಎಸಿ ಪೈಪು ಹಾಗೂ ವೈರು ಗೋಡೆ ದಾಟುವ ತೂತುಗಳಿಗೆ ಒಣಗಿ ಬಿರುಕು ಬಿಡದ ಸೀಲೆಂಟ್, ಇವೆಲ್ಲ ಅಗ್ಗದ ಕೆಲಸ, ಮೊದಲು ಮಾಡಿ. ಕತ್ತಲಲ್ಲಿ ಒಳಗೆ ಟಾರ್ಚ್ ಹಿಡಿದು ಹೊರಗಿನಿಂದ ನೋಡಿದರೆ ಬೆಳಕು ಬರುವಲ್ಲೆಲ್ಲ ಸದ್ದೂ ಬರುತ್ತದೆ.

ಬಾಗಿಲು ತೆರೆದ ಕ್ಷಣದ ಲೆಕ್ಕ ಬೇರೆ. ಗಂಟೆಗೆ 40 ಸಲ, ಪ್ರತಿ ಸಲ 6 ಸೆಕೆಂಡ್ ತೆರೆದರೆ ಒಟ್ಟು ನಾಲ್ಕೇ ನಿಮಿಷ. ತೆರೆದಾಗ ಎದುರು ಮನೆಯ ಬಳಿ 60 ಡೆಸಿಬಲ್ ಆಗುವುದಾದರೂ ಗಂಟೆಯ ಸರಾಸರಿಗೆ ಅದರಿಂದ ಸೇರುವುದು ಸುಮಾರು 48. ವರದಿಯಲ್ಲಿ 48 ಬರುತ್ತದೆ, ನಿದ್ದೆಯಿಂದ ಎಬ್ಬಿಸುವುದು ಮಾತ್ರ ಆ 60. ಅದಕ್ಕೇ ಪ್ರವೇಶದಲ್ಲಿ ಎರಡು ಬಾಗಿಲಿನ ಚಿಕ್ಕ ಹಜಾರ ಬೇಕು. ಎರಡರ ನಡುವೆ ಮೂರು ಮೀಟರಾದರೂ ಇರಲಿ, ಒಂದು ಮುಚ್ಚಿದ ಮೇಲೆಯೇ ಇನ್ನೊಂದು ತೆರೆಯುವಷ್ಟು ನಡಿಗೆಯ ಅಂತರ ಅದು. ಎರಡಕ್ಕೂ ತಾನೇ ಮುಚ್ಚುವ ಕ್ಲೋಸರ್ ಇರಲಿ. ಹಜಾರದ ಚಾವಣಿ, ಗೋಡೆಗೆ ಸದ್ದು ಹೀರುವ ಹೊದಿಕೆ ಹಾಕಿ.

ಇಷ್ಟೆಲ್ಲ ಮಾಡಿದ ಮೇಲೂ ಹತ್ತೂವರೆ ಹೊತ್ತಿಗೆ ಯಾರೋ ಬಾಗಿಲಿಗೆ ಕುರ್ಚಿ ಒತ್ತಿಟ್ಟು ತೆರೆದೇ ಬಿಡುತ್ತಾರೆ. ಸಿಬ್ಬಂದಿಯನ್ನು ಬೈದರೆ ಪ್ರಯೋಜನವಿಲ್ಲ. ಒಳಗೆ ಸೆಕೆ, ಅದಕ್ಕೇ ತೆರೆದಿದ್ದಾರೆ. ಕಿಟಕಿ ಬಾಗಿಲು ಮುಚ್ಚುವ ಯೋಜನೆಯ ಜೊತೆಗೇ ತುಂಬಿದ ಹಾಲ್‌ಗೆ ಸಾಕಾಗುವಷ್ಟು ಗಾಳಿ, ತಂಪಿನ ವ್ಯವಸ್ಥೆ ಇರಬೇಕು. ಎಷ್ಟೋ ಕಡೆ ಸದ್ದಿನ ದೂರಿನ ಮೂಲ ಸಾಕಾಗದ ಎಸಿ.

ತುರ್ತು ನಿರ್ಗಮನದ ಬಾಗಿಲನ್ನು ಸದ್ದಿನ ಕಾರಣಕ್ಕೆ ಬೀಗ ಹಾಕುವುದಾಗಲಿ, ಅಡ್ಡ ಸಾಮಾನು ಇಡುವುದಾಗಲಿ ಎಂದಿಗೂ ಕೂಡದು. ರಬ್ಬರ್ ಪಟ್ಟಿ ಹಾಕಿ, ತೆರೆದರೆ ಸದ್ದು ಮಾಡುವ ಅಲಾರಂ ಹಾಕಿ, ಅಷ್ಟೇ.

ಹಂತ 6: ಲೈವ್ ಕಾರ್ಯಕ್ರಮ

ಡ್ರಮ್‌ಸೆಟ್ ಯಾವ ಆಂಪ್ಲಿಫೈಯರೂ ಇಲ್ಲದೆ 100 ಡೆಸಿಬಲ್ ದಾಟುತ್ತದೆ, ಲಿಮಿಟರ್ ಅದನ್ನು ತಡೆಯಲಾರದು. ಎಲೆಕ್ಟ್ರಾನಿಕ್ ಡ್ರಮ್ ಅಥವಾ ಜಾಲರಿ ಹೊದಿಕೆ ಹಾಕಿದ ಡ್ರಮ್ ಕೇಳಿ, ಇಲ್ಲವೇ ಕೋಲಿನ ಬದಲು ಬ್ರಷ್ ಬಳಸುವ ವಾದಕರನ್ನು ಕರೆಯಿರಿ. ತಂಡದ ಜೊತೆಗಿನ ಒಪ್ಪಂದದಲ್ಲೇ ಮಟ್ಟ, ಮುಗಿಸುವ ಸಮಯ, ನಮ್ಮ ಉಪಕರಣದ ಮೂಲಕವೇ ನುಡಿಸಬೇಕೆಂಬ ಷರತ್ತು ಬರೆಯಿರಿ. ಸೌಂಡ್ ಚೆಕ್ ಸಂಜೆ ಆರರೊಳಗೆ ಮುಗಿಯಲಿ. ಖಾಲಿ ಹಾಲ್‌ನಲ್ಲಿ ಹೊಂದಿಸಿದ ಮಟ್ಟ ಜನ ತುಂಬಿದ ಮೇಲೆ ಕಡಿಮೆ ಅನ್ನಿಸುತ್ತದೆ, ಜನರ ಮೈ ಮತ್ತು ಬಟ್ಟೆ ಮೇಲಿನ ಸ್ವರಗಳನ್ನು ಹೀರುತ್ತವೆ. ಆಗ ತಂಡ ವಾಲ್ಯೂಮ್ ಏರಿಸುವುದು ಸಹಜ. ಬೇಸನ್ನು ಮುಟ್ಟದೆ ಮೇಲಿನ ಸ್ವರ ಮಾತ್ರ ತುಸು ಏರಿಸಲು ಹೇಳಿ.

ಹಂತ 7: ಕೊನೆಯ ಒಂದು ಗಂಟೆ ಮತ್ತು ಬೀದಿ

ಒಳಗಿನ ಸದ್ದನ್ನು ಪೂರ್ತಿ ಹಿಡಿತಕ್ಕೆ ತಂದ ಮೇಲೂ ಉಳಿಯುವುದು ಜನರ ದನಿ. ಎರಡು ಗಂಟೆ ಜೋರು ಹಾಡಿನ ನಡುವೆ ಕೂಗಿ ಮಾತಾಡಿದವರ ಕಿವಿ ಮಂದವಾಗಿರುತ್ತದೆ, ಹೊರಗೆ ಬಂದ ಮೇಲೂ ಅದೇ ದನಿಯಲ್ಲಿ ಮಾತಾಡುತ್ತಾರೆ. ಏರುದನಿಯ ಮಾತು ಒಂದು ಮೀಟರ್ ದೂರದಲ್ಲಿ ಸುಮಾರು 66 ಡಿಬಿ-ಎ. ಹತ್ತು ಜನ ಒಟ್ಟಿಗೆ ಮಾತಾಡಿದರೆ 10 ಡೆಸಿಬಲ್ ಸೇರಿ 76. ದೂರ ದುಪ್ಪಟ್ಟಾದಂತೆ 6 ಇಳಿಯುತ್ತದೆ, 16 ಮೀಟರ್ ಆಚೆಯ ಕಿಟಕಿಗೆ 52 ತಲುಪುತ್ತದೆ. ಇದು ಹಾಡಿಲ್ಲದ, ಬರೀ ಮಾತಿನ ಲೆಕ್ಕ. ಯಾರಾದರೂ ನಕ್ಕರೆ, ಕೂಗಿದರೆ ಇನ್ನೂ ಹೆಚ್ಚು.

ಹಾಗಾಗಿ ಜನ ಹೊರಬೀಳುವ ಮುಂಚೆಯೇ ಅವರ ದನಿ ಇಳಿಯುವಂತೆ ಮಾಡಬೇಕು. ಮುಚ್ಚುವುದು ಹನ್ನೆರಡಕ್ಕೆ ಎಂದಿಟ್ಟುಕೊಳ್ಳಿ. ಹನ್ನೊಂದಕ್ಕೆ ಸಬ್‌ವೂಫರ್ 3 ಡೆಸಿಬಲ್ ಇಳಿಸಿ. ಹನ್ನೊಂದೂ ಕಾಲಿಗೆ ಕೊನೆಯ ಆರ್ಡರ್. ಹನ್ನೊಂದೂವರೆಯಿಂದ ನಿಧಾನ ಲಯದ ಹಾಡು, ಹತ್ತು ನಿಮಿಷಕ್ಕೊಮ್ಮೆ 3 ಡೆಸಿಬಲ್‌ನಂತೆ ಇಳಿಕೆ. ಹನ್ನೊಂದು ಮುಕ್ಕಾಲಿಗೆ ದೀಪ ಮೆಲ್ಲನೆ ಹೆಚ್ಚಿಸಿ. ಬಿಲ್ಲನ್ನು ಮೇಜಿನ ಬಳಿಗೇ ಒಯ್ದು, ಎಲ್ಲರೂ ಒಂದೇ ಸಲ ಎದ್ದು ಹೋಗದಂತೆ ನೋಡಿಕೊಳ್ಳಿ. ಹನ್ನೆರಡಕ್ಕೆ ಹಾಡನ್ನು ತಟ್ಟನೆ ನಿಲ್ಲಿಸಿ ಇನ್ನೂರು ಜನರನ್ನು ಒಮ್ಮೆಗೇ ಬೀದಿಗೆ ಬಿಡುವುದು ಅತಿ ಕೆಟ್ಟ ವಿಧಾನ.

ಗಾಡಿ ಕರೆಸಿಕೊಂಡವರು ಬಾಗಿಲ ಮುಂದೆ ಕಾಯಬಾರದು. ಹತ್ತುವ ಜಾಗವನ್ನು ಮನೆಗಳಿಲ್ಲದ ಕಡೆ, ನೂರು ಮೀಟರ್ ಆಚೆಯಾದರೂ ಸರಿ, ಗೊತ್ತುಮಾಡಿ. ಗಾಡಿ ಬರುವವರೆಗೆ ಒಳಗೇ ಕೂರಲು ಜಾಗ ಕೊಡಿ. ಸಿಗರೇಟಿನ ಜಾಗ ಮನೆಗಳಿಗೆ ಬೆನ್ನಾದ ಕಡೆ ಇರಲಿ, ರಾತ್ರಿ ಹನ್ನೊಂದರ ನಂತರ ಒಮ್ಮೆಗೆ ಹತ್ತು ಜನಕ್ಕಿಂತ ಹೆಚ್ಚು ಬೇಡ, ಲೋಟ ಹೊರಗೆ ಒಯ್ಯುವಂತಿಲ್ಲ. ಕುಡಿಯಲು ಕೈಯಲ್ಲಿ ಏನೂ ಇಲ್ಲದಿದ್ದರೆ ಅಲ್ಲಿ ಹೆಚ್ಚು ಹೊತ್ತು ನಿಲ್ಲುವುದಿಲ್ಲ.

ಬಾಗಿಲಲ್ಲಿ ನಿಲ್ಲುವವರ ಮಾತಿನ ರೀತಿ ದೊಡ್ಡ ವ್ಯತ್ಯಾಸ ಮಾಡುತ್ತದೆ. ‘ಸದ್ದು ಮಾಡಬೇಡಿ’ ಎಂದು ಜೋರಾಗಿ ಹೇಳಿದರೆ ಎದುರಿನವರೂ ಜೋರಾಗಿಯೇ ಉತ್ತರಿಸುತ್ತಾರೆ. ಹತ್ತಿರ ಹೋಗಿ ತಗ್ಗಿದ ದನಿಯಲ್ಲಿ, ‘ಮೇಲಿನ ಮನೆಯಲ್ಲಿ ಮಕ್ಕಳು ಮಲಗಿದ್ದಾರೆ, ಸ್ವಲ್ಪ ಮೆಲ್ಲಗೆ ಮಾತಾಡ್ತೀರಾ?’ ಎಂದರೆ ಬಹುಪಾಲು ಜನ ತಾವೇ ದನಿ ತಗ್ಗಿಸುತ್ತಾರೆ. ಮುಚ್ಚಿದ ಮೇಲೆ ಅರ್ಧ ಗಂಟೆಯಾದರೂ ಒಬ್ಬರು ಬೀದಿಯಲ್ಲಿರಲಿ.

ಹಂತ 8: ಯಂತ್ರ, ಬಾಟಲಿ, ಬೆಳಕು

ಎಕ್ಸಾಸ್ಟ್ ಫ್ಯಾನಿಗೆ ವೇಗ ನಿಯಂತ್ರಕ ಹಾಕಿ. ವೇಗ 80 ಪ್ರತಿಶತಕ್ಕೆ ಇಳಿಸಿದರೆ ಸದ್ದು ಸುಮಾರು 5 ಡೆಸಿಬಲ್ ಇಳಿಯುತ್ತದೆ, ವಿದ್ಯುತ್ ಸುಮಾರು ಅರ್ಧ ಉಳಿಯುತ್ತದೆ. ಒಲೆಗಳು ಆರಿದ ಮೇಲೆ ಪೂರ್ತಿ ವೇಗ ಯಾರಿಗೂ ಬೇಡ. ಫ್ಯಾನ್ ಮತ್ತು ಕೊಳವೆಯ ನಡುವೆ ಮೆದು ಜೋಡಣೆ, ಅಡಿಯಲ್ಲಿ ಸ್ಪ್ರಿಂಗ್. ಜನರೇಟರ್, ಎಸಿ ಕಂಪ್ರೆಸರ್‌ನ ಒಂದೇ ಸ್ವರದ ಗುಂಯ್ ಸದ್ದು ಕಡಿಮೆ ಇದ್ದರೂ ಕಾಡುತ್ತದೆ, ಬೇರಿಂಗ್ ಸವೆದಿದೆಯೇ ನೋಡಿ. ಬಾಟಲಿಗಳನ್ನು ರಾತ್ರಿ ಹತ್ತರಿಂದ ಬೆಳಗ್ಗೆ ಎಂಟರವರೆಗೆ ಹೊರಗೆ ಸುರಿಯಬೇಡಿ, ಒಳಗೆ ಮುಚ್ಚಳದ ಡಬ್ಬಿಯಲ್ಲಿ ಇಡಿ. ಕುರ್ಚಿ ಕಾಲಿಗೆ ರಬ್ಬರ್ ಟೋಪಿ. ಬೋರ್ಡಿನ ದೀಪ ಮುಚ್ಚಿದೊಡನೆ ಆರಲಿ, ಲೇಸರ್ ಮತ್ತು ತಿರುಗುವ ದೀಪ ಕಿಟಕಿಗಳತ್ತ ಹೋಗದಿರಲಿ.

ಹಂತ 9: ನೆರೆಯವರೊಂದಿಗೆ ಒಪ್ಪಂದ

ಮೊದಲ ಮಾತುಕತೆ ಮೊದಲ ದೂರಿನ ನಂತರ ಆಗುವುದಾದರೆ ತಡವಾಯಿತು. ಕಾರ್ಯಕ್ರಮ ಶುರುಮಾಡುವ ಒಂದು ತಿಂಗಳ ಮೊದಲೇ ಸುತ್ತಲಿನ ಮನೆಗಳಿಗೆ ಖುದ್ದಾಗಿ ಹೋಗಿ. ‘ನಿಮಗೆ ತೊಂದರೆ ಆಗುವುದೇ ಇಲ್ಲ’ ಎಂದು ಭರವಸೆ ಕೊಡಬೇಡಿ, ಮೊದಲ ವಾರವೇ ಅದು ಸುಳ್ಳಾಗುತ್ತದೆ. ವಯಸ್ಸಾದವರು, ಹಸುಗೂಸು, ಪಾಳಿಯ ಕೆಲಸಗಾರರು, ಪರೀಕ್ಷೆಗೆ ಓದುವವರು ಯಾವ ಮನೆಯಲ್ಲಿ ಇದ್ದಾರೆ, ಅವರ ಮಲಗುವ ಕೋಣೆ ಯಾವ ಕಡೆಗಿದೆ ಎಂದು ಕೇಳಿ ಬರೆದುಕೊಳ್ಳಿ.

ಒಂದೇ ಪುಟದ ಒಪ್ಪಂದ ಸಾಕು. ವಾರದ ಯಾವ ದಿನ ಎಷ್ಟು ಗಂಟೆವರೆಗೆ ಸಂಗೀತ; ತಿಂಗಳಿಗೆ ಎಷ್ಟು ತಡರಾತ್ರಿ; ವಿಶೇಷ ಕಾರ್ಯಕ್ರಮಕ್ಕೆ ಏಳು ದಿನ ಮೊದಲು ತಿಳಿಸುವುದು; ಹಾಲ್‌ನ ಗುರುತಿನ ಜಾಗದ ಎ, ಸಿ ಮಟ್ಟ; ತಾರಸಿ ಎಷ್ಟಕ್ಕೆ ಮುಚ್ಚುತ್ತದೆ; ಕರೆಯಬೇಕಾದ ಫೋನ್ ಸಂಖ್ಯೆ; ಮೂರು ತಿಂಗಳಿಗೊಮ್ಮೆ ಪರಿಶೀಲನೆ. ಮೊದಲ ಮೂರು ತಿಂಗಳು ಪ್ರಾಯೋಗಿಕ ಎಂದು ಬರೆದರೆ ಎರಡೂ ಕಡೆಯವರು ಮನಸ್ಸು ಬಿಚ್ಚಿ ಮಾತಾಡುತ್ತಾರೆ.

ಆ ಫೋನ್ ಸಂಖ್ಯೆ ಕ್ಯಾಷ್ ಕೌಂಟರಿನದಾಗಿರಬಾರದು, ಅಲ್ಲಿ ಗದ್ದಲದಲ್ಲಿ ಯಾರಿಗೂ ಕೇಳುವುದಿಲ್ಲ. ಆ ರಾತ್ರಿಯ ಮ್ಯಾನೇಜರ್ ಜೇಬಿನಲ್ಲಿ, ಕಂಪಿಸುವ ಸ್ಥಿತಿಯಲ್ಲಿ ಇರಲಿ. ಕರೆ ಬಂದ ಹತ್ತು ನಿಮಿಷದೊಳಗೆ ಮ್ಯಾನೇಜರ್ ಹೊರಗೆ ಹೋಗಿ ದೂರಿದವರ ಕಿಟಕಿಯ ಬಳಿ ನಿಂತು ಕೇಳಬೇಕು, ಮಾಡಬೇಕಾದ್ದನ್ನು ಮಾಡಬೇಕು, ಮತ್ತೆ ಕರೆ ಮಾಡಿ ‘ಈಗ ಹೇಗಿದೆ?’ ಎಂದು ಕೇಳಬೇಕು. ಕೊನೆಯದನ್ನು ಎಲ್ಲರೂ ಮರೆಯುತ್ತಾರೆ, ನಂಬಿಕೆ ಹುಟ್ಟುವುದು ಅದರಿಂದಲೇ. ದಾಖಲೆ ಪುಸ್ತಕದಲ್ಲಿ ಸಮಯ, ಮನೆ, ಏನು ಕೇಳಿಸಿತು, ಗಾಳಿ ಯಾವ ಕಡೆ, ಯಾವ ಹಾಡು ಅಥವಾ ತಂಡ, ಲಿಮಿಟರ್ ಎಷ್ಟು ತೋರಿಸುತ್ತಿತ್ತು, ಏನು ಮಾಡಿದಿರಿ ಎಂದು ಬರೆಯಿರಿ. ಎಂಟು ಹತ್ತು ದೂರು ಸೇರಿದ ಮೇಲೆ ಕಾರಣದ ಜಾಡು ಕಾಣತೊಡಗುತ್ತದೆ: ಎಲ್ಲವೂ ಒಬ್ಬ ಡಿಜೆ ಇದ್ದ ದಿನ, ಅಥವಾ ಎಲ್ಲವೂ ಹಿಂಬಾಗಿಲು ತೆರೆದಿದ್ದ ಹೊತ್ತು.

ರೆಸ್ಟೋರೆಂಟ್ ಮೊದಲೇ ಇದ್ದು ಪಕ್ಕದಲ್ಲಿ ಮನೆಗಳು ಆಮೇಲೆ ಬಂದಿದ್ದರೆ? ಬದಲಾವಣೆ ತಂದವರೇ ಸದ್ದು ತಡೆಯುವ ಹೊಣೆ ಹೊರಬೇಕು ಎಂಬ ತತ್ವವನ್ನು ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯ 2014ರಲ್ಲಿ, ಇಂಗ್ಲೆಂಡ್ 2018ರಲ್ಲಿ ಯೋಜನಾ ನಿಯಮಗಳಿಗೆ ಸೇರಿಸಿಕೊಂಡವು. ನಿಮ್ಮಲ್ಲಿ ಅಂಥ ನಿಯಮ ಇರಲಿ ಬಿಡಲಿ, ಪಕ್ಕದಲ್ಲಿ ಹೊಸ ಕಟ್ಟಡದ ಅರ್ಜಿ ಬಿದ್ದಾಗಲೇ ನಿಮ್ಮ ಅಳತೆಗಳನ್ನು ಹಿಡಿದು ಹೋಗಿ, ಮಲಗುವ ಕೋಣೆಗಳನ್ನು ಇನ್ನೊಂದು ಬದಿಗೆ ಇಡುವಂತೆ ಕೇಳಿ. ನಕ್ಷೆಯಲ್ಲಿ ಗೆರೆ ಬದಲಿಸಲು ಖರ್ಚಿಲ್ಲ. ಆದರೆ ಮನೆಗೆ ಜನ ಬಂದಾದ ಮೇಲೆ ‘ನಾವು ಮೊದಲು ಬಂದವರು’ ಎನ್ನುವುದರಿಂದ ಯಾರಿಗೂ ನಿದ್ದೆ ಬರುವುದಿಲ್ಲ.

ನಿವಾಸಿಗಳು ಗಮನಿಸಬೇಕಾದದ್ದು

‘ತುಂಬಾ ಸದ್ದು’ ಎಂಬ ದೂರಿನಿಂದ ಯಾರೂ ಏನೂ ಸರಿಮಾಡಲಾರರು. ಎರಡು ವಾರ ದಿನಚರಿ ಬರೆಯಿರಿ: ಶುರು, ಮುಗಿದ ಸಮಯ, ಯಾವ ಕೋಣೆ, ಕಿಟಕಿ ತೆರೆದಿತ್ತೋ ಮುಚ್ಚಿತ್ತೋ, ಕೇಳಿಸಿದ್ದು ಬೇಸೋ ಮಾತೋ ವಾಹನವೋ, ನಿದ್ದೆಯಿಂದ ಎಚ್ಚರವಾಯಿತೇ. ‘ಹನ್ನೊಂದೂ ಹತ್ತಕ್ಕೆ ಪಕ್ಕದ ಬಾಗಿಲು ತೆರೆದಾಗ ಪ್ರತಿ ಸಲ ಹಾಡು ಸ್ಪಷ್ಟವಾಗಿ ಕೇಳುತ್ತದೆ’ ಎಂದರೆ ಮರುದಿನವೇ ಕ್ಲೋಸರ್ ಬರುತ್ತದೆ. ಫೋನಿನ ರೆಕಾರ್ಡಿಂಗ್‌ನಲ್ಲಿ ಬೇಸ್ ಸರಿಯಾಗಿ ಬರುವುದಿಲ್ಲ, ಅದನ್ನೇ ನೆಚ್ಚಬೇಡಿ. ಮೊದಲು ಅವರ ಸಂಖ್ಯೆಗೆ ಕರೆ ಮಾಡಿ, ಮೂರು ನಾಲ್ಕು ಸಲ ಫಲ ಸಿಗದಿದ್ದರೆ ದಿನಚರಿಯ ಸಮೇತ ಅಧಿಕಾರಿಗಳ ಬಳಿ ಹೋಗಿ. ಕಿಟಕಿಗೆ ಎರಡನೇ ಗಾಜು ಹಾಕಿಸುವುದಾದರೆ ಎರಡರ ನಡುವೆ 10 ಸೆಂಟಿಮೀಟರ್ ಅಥವಾ ಹೆಚ್ಚು ಅಂತರ ಇರಲಿ. ಮಾತು, ವಾಹನಕ್ಕೆ ಇದು ಚೆನ್ನಾಗಿ ಒದಗುತ್ತದೆ, ಬೇಸಿಗೆ ಅಷ್ಟಾಗಿ ಇಲ್ಲ. ಬೇಸನ್ನು ಹುಟ್ಟುವಲ್ಲೇ ಇಳಿಸಬೇಕು, ಅದನ್ನು ಅವರಿಂದ ಕೇಳುವುದು ನಿಮ್ಮ ಹಕ್ಕು.

ಮರುಪರೀಕ್ಷೆ ಯಾವಾಗ

ಸ್ಪೀಕರ್ ಬದಲಿಸಿದಾಗ, ಜಾಗ ಸರಿಸಿದಾಗ, ಮಿಕ್ಸರ್ ರಿಪೇರಿಯಾಗಿ ಬಂದಾಗ, ಹೊಸ ಬಾಗಿಲು ಕೂರಿಸಿದಾಗ ನಾಲ್ಕನೇ ಹಂತದ ಮಲಗುವ ಕೋಣೆಯ ಪರೀಕ್ಷೆಯನ್ನು ಪೂರ್ತಿಯಾಗಿ ಮತ್ತೆ ಮಾಡಿ. ಏನೂ ಬದಲಾಗದಿದ್ದರೂ ವರ್ಷಕ್ಕೆರಡು ಸಲ, ಒಮ್ಮೆ ಜನ ಕಿಟಕಿ ಮುಚ್ಚಿ ಮಲಗುವ ಕಾಲದಲ್ಲಿ, ಒಮ್ಮೆ ತೆರೆದು ಮಲಗುವ ಕಾಲದಲ್ಲಿ. ಮುಚ್ಚಿದ ಕಿಟಕಿಗೆ ಹೊಂದಿಸಿದ ಮಟ್ಟ ಸೆಕೆಗಾಲದ ಮೊದಲ ರಾತ್ರಿಯೇ ಹೆಚ್ಚಾಗಿಬಿಡುತ್ತದೆ. ಬಾಗಿಲ ರಬ್ಬರ್ ಪಟ್ಟಿಯನ್ನು ತಿಂಗಳಿಗೊಮ್ಮೆ ನೋಡಿ: ಬಾಗಿಲ ಸಂದಿಗೆ ಕಾಗದದ ಚೂರು ಇಟ್ಟು ಮುಚ್ಚಿ ಎಳೆಯಿರಿ, ಸಲೀಸಾಗಿ ಬಂದರೆ ಪಟ್ಟಿ ಸವೆದಿದೆ, ಬದಲಿಸಿ.